ಹೊಲಿದ ಜೇಬುಗಳ ಭಾವ

ನಮ್ಮ ಭಾವನ ಕಂದು ಕೋಟಿಗೆ ನಾಲ್ಕು ಜೇಬುಗಳಿದ್ದವು. ನಾಲ್ಕರ ಬಾಯನ್ನೂ ಅವರು ಸ್ವಹಸ್ತದಿಂದ, ದಪ್ಪ ಕಪ್ಪು ದಾರದಲ್ಲಿ, ಮೂಟೆಯ ಬಾಯಿ ಹೊಲಿಯುವವರ ಹಾಗೆ ಹೊಲಿದು ಮುಚ್ಚಿದ್ದರು. ಕರವಸ್ತ್ರ ತೋಳಿನೊಳಗೆ, ಪೆನ್ಸಿಲ್ಲು ಕಿವಿಯ ಮೇಲೆ, ಕನ್ನಡಕ ಕೊರಳ ದಾರದಲ್ಲಿ, ಬೀಗದ ಕೈ ಸೊಂಟದ ಪಟ್ಟಿಯಲ್ಲಿ, ಹೀಗೆ ಜೇಬಿನ ಆಶ್ರಯ ತಪ್ಪಿದ ಅವರ ಸಮಸ್ತ ಚರಾಸ್ತಿಯೂ ಶರೀರದ ಮೇಲೆ ಅಲ್ಲಲ್ಲಿ ನೇತಾಡಿಕೊಂಡಿರುತ್ತಿತ್ತು. ಜೇಬಿಲ್ಲದ ಮನುಷ್ಯ ನಡೆಯುವಾಗ ಕೈಗಳನ್ನು ಎಲ್ಲಿಡಬೇಕು ಎಂಬ ಪ್ರಶ್ನೆಗೆ ಭಾವ ಕಂಡುಕೊಂಡಿದ್ದ ಉತ್ತರವೆಂದರೆ, ಅವನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಎದೆಯನ್ನು ಮುಂದಕ್ಕೆ ಬಾಗಿಸಿ, ಎದುರುಗಾಳಿಗೆ ನುಗ್ಗುವವರಂತೆ ನಡೆಯುವುದು; ಹಿಂದಿನಿಂದ ನೋಡಿದವರಿಗೆ, ಪೊಲೀಸರಿಗೇಕೆ ತೊಂದರೆಯೆಂದು ಯಾರೋ ತನ್ನನ್ನು ತಾನೇ ಠಾಣೆಗೆ ಕರೆದೊಯ್ಯುತ್ತಿರುವಂತೆ ಕಾಣುತ್ತಿತ್ತು.

ಬಹಳ ವರ್ಷ ಬೇರೆ ಊರಿನಲ್ಲಿದ್ದು, ಒಂದು ವಾರಪತ್ರಿಕೆಯ ಕೆಲಸ ಹಿಡಿದು ನಾನು ಅಕ್ಕ ಭಾವ ಇದ್ದ ಊರಿಗೆ ಬಂದಾಗ ಮೊದಲು ಕೇಳಿದ್ದೇ ಈ ಜೇಬುಗಳ ಬಗ್ಗೆ. ಅಕ್ಕ ನಕ್ಕಳು. "ಮೂರು ತಿಂಗಳು ಹೊಲಿದಿರುತ್ತೆ, ಒಂದು ತಿಂಗಳು ಬಿಚ್ಚಿರುತ್ತೆ. ಹೇಳಿದ್ರೆ ನಿಂಗೆ ತಲೆಗೆ ಹೋಗಲ್ಲ ಕಣೋ. ಮನೆಗೆ ಬಾ, ಕಣ್ಣಾರೆ ನೋಡು." ಹೋದೆ, ನೋಡಿದೆ. ಬೆಚ್ಚಿಬೀಳುವುದರಲ್ಲಿ ನಾನು ಹುಟ್ಟಿನಿಂದಲೇ ನಿಸ್ಸೀಮನಾದರೂ, ಆ ಮನೆ ನನಗೆ ಕೊಟ್ಟಷ್ಟು ಬೆಚ್ಚುಗಳನ್ನು ಬೇರೆ ಯಾವ ಮನೆಯೂ ಕೊಟ್ಟಿಲ್ಲ.

ಭಾವನ ಕಸುಬು ಹಲ್ಲು ಕಟ್ಟುವುದು. ಅವರು ಹಲ್ಲಿನ ಡಾಕ್ಟರಲ್ಲ; ಡಾಕ್ಟರುಗಳು ರೋಗಿಯ ಬಾಯಿಂದ ತೆಗೆದ ಅಚ್ಚನ್ನು ಇವರಿಗೆ ಕಳಿಸಿದರೆ, ಅದರ ಮೇಲೆ ಗುಲಾಬಿ ಬಣ್ಣದ ಮೇಣ ಮೆತ್ತಿ, ಒಂದೊಂದೇ ಹಲ್ಲನ್ನು ನಿಲ್ಲಿಸಿ, ಮೇಲಿನ ಸಾಲು ಕೆಳಗಿನ ಸಾಲಿನ ಮೇಲೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಕೂರುವಂತೆ ಸೆಟ್ಟು ಮಾಡಿಕೊಡುವವರು. ಬೀದಿಯ ಕಡೆಯ ಕೋಣೆಯೇ ಅವರ ಕಾರ್ಯಾಗಾರ. ಕಿಟಕಿಗೆ ಒತ್ತಿ ಮೇಜು, ಮೇಜಿನ ಮೇಲೆ ಮೇಣ ಕರಗಿಸುವ ಸಣ್ಣ ದೀಪ, ಗೋಡೆಯ ಕಪಾಟಿನಲ್ಲಿ ಸಾಲುಸಾಲಾಗಿ ಯಾರುಯಾರದೋ ನಗು. ಅವರು ಕಟ್ಟಿದ ಹಲ್ಲು ವಾಪಸು ಬಂದ ಚರಿತ್ರೆಯೇ ಇರಲಿಲ್ಲ. "ಆಡಿದ ಮಾತು ಬೇಕಾದ್ರೆ ವಾಪಸ್ ತಗೋಬಹುದು, ನಾನು ಕಟ್ಟಿದ ಹಲ್ಲು ವಾಪಸ್ ಬರಲ್ಲ" ಎಂದು ಅವರು ಹೇಳುವಾಗ, ಗರ್ವವೆಂಬುದು ಈ ಮನುಷ್ಯನಲ್ಲಿ ಎಲ್ಲಾದರೂ ಇದ್ದರೆ ಅದು ಆ ಮೇಜಿನ ಅಳತೆಯನ್ನು ಮೀರುವುದಿಲ್ಲ ಎಂದು ನನಗೆ ಅನಿಸುತ್ತಿತ್ತು.

ನಾನು ಹೋದ ಆ ಮೊದಲ ದಿನ, ನಡುಮನೆಯ ಊಟದ ಮೇಜಿನ ತಲೆಯಲ್ಲಿ, ಯಜಮಾನರು ಕೂರುವ ಕುರ್ಚಿಯಲ್ಲಿ, ನನ್ನ ಸೋದರಸೊಸೆ ಕೂತಿದ್ದಳು. ಆಗ ಹತ್ತು ವರ್ಷದ ಹುಡುಗಿ. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಕಣ್ಣುಮುಚ್ಚಿ ತೆಗೆಯುವುದರೊಳಗೆ ನಾಲ್ಕು ಕೆಲಸ ಮುಗಿಸುತ್ತಿದ್ದ ಅವಳನ್ನು ಮನೆಯಲ್ಲಿ ಎಲ್ಲರೂ ಚೂಟಿ ಎನ್ನುತ್ತಿದ್ದರು. ಅವಳ ಮುಂದೆ ಬಣ್ಣ ಹೋದ ಬಿಸ್ಕತ್ತಿನ ತಗಡಿನ ಡಬ್ಬಿ. ಭಾವ ಕಾರ್ಯಾಗಾರದಿಂದ ಬಂದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಅವಳ ಮುಂದೆ ನಿಂತರು.

"ಯಜಮಾನರೇ, ನಂದೊಂದು ಅರ್ಜಿ ಇದೆ."

"ಹೇಳಪ್ಪ."

"ಹೊಸ ಶೂ ಬೇಕಿತ್ತು."

"ಕಾರಣ?"

"ಅಡಿ ಸವೆದಿದೆ. ನೀರು ಒಳಗೆ ಬರುತ್ತೆ."

ಚೂಟಿ ಕುರ್ಚಿಯಿಂದ ಜಿಗಿದಳು. ಅಪ್ಪನ ಕಾಲನ್ನು ಲಾಳ ಹೊಡೆಯುವವರು ಕುದುರೆಯ ಕಾಲು ಎತ್ತುವ ಹಾಗೆ ಎತ್ತಿಸಿ, ಶೂವಿನ ಅಡಿಯನ್ನು ಹೆಬ್ಬೆರಳಿನಿಂದ ಒತ್ತಿ, ತೂತಿನೊಳಗೆ ಬೆರಳು ತೂರಿಸಿ ಪರೀಕ್ಷಿಸಿದಳು. ಮತ್ತೆ ಕುರ್ಚಿ ಹತ್ತಿದಳು. "ಈ ತಿಂಗಳು ಆಗಲ್ಲ. ಒಳಗೆ ರಟ್ಟು ಹಾಕ್ಕೊಂಡು ನಡಿ."

"ಆಗಲಿ" ಎಂದು ಭಾವ ತಲೆಬಾಗಿಸಿ ಒಳಗೆ ಹೋದರು. ವ್ಯಂಗ್ಯವಿಲ್ಲ, ಆಟದ ನಗೆಯಿಲ್ಲ, ಮುನಿಸಂತೂ ಇಲ್ಲವೇ ಇಲ್ಲ. ರಟ್ಟು ಹುಡುಕುತ್ತಿದ್ದ ಸದ್ದು ಕೇಳಿಸಿತು. ನಾನು ಗರ ಬಡಿದವನಂತೆ ನಿಂತಿದ್ದೆ. ಅಪ್ಪನ ಮುಂದೆ ನಿಂತು ಪೆನ್ಸಿಲ್ಲಿಗೆ ದುಡ್ಡು ಕೇಳಲು ಮೂರು ದಿನ ಧೈರ್ಯ ಒಟ್ಟುಗೂಡಿಸುತ್ತಿದ್ದ ಮನೆಯಿಂದ ಬಂದವನು ನಾನು.

ಆ ಮನೆಯ ಪದ್ಧತಿ ಹೀಗಿತ್ತು. ತಿಂಗಳ ಕೊನೆಗೆ ಡಾಕ್ಟರುಗಳಿಂದ ಬಂದ ಸಂಪಾದನೆಯನ್ನೆಲ್ಲ ಭಾವ ಒಂದನೇ ತಾರೀಖು ಬೆಳಗ್ಗೆ ಆ ಡಬ್ಬಿಗೆ ಸುರಿಯುತ್ತಿದ್ದರು. ಅಕ್ಕ, ಮಗ ಗುಂಡ, ಮಗಳು ಚೂಟಿ, ಭಾವ, ಈ ಸರದಿಯಲ್ಲಿ ಒಂದೊಂದು ತಿಂಗಳು ಒಬ್ಬೊಬ್ಬರು ಯಜಮಾನರು. ಮನೆ ಬಾಡಿಗೆ, ದಿನಸಿ, ಕರೆಂಟು, ಶಾಲೆಯ ಫೀಜು, ಎಲ್ಲವೂ ಯಜಮಾನರ ಜವಾಬ್ದಾರಿ. ಬೇಕಾದವರು ಎದುರು ನಿಂತು ಕಾರಣ ಹೇಳಿ ಕೇಳಬೇಕು. ಯಜಮಾನರು ಇಲ್ಲವೆಂದರೆ ಇಲ್ಲ. ಕೊರತೆ ಬಿದ್ದರೆ ನಾಲ್ವರೂ ಅನುಭವಿಸಬೇಕು, ಮಿಕ್ಕಿದರೆ ಮಿಕ್ಕಿದ್ದು ಯಜಮಾನರಿಗೇ ಸೇರುತ್ತದೆ. ತನ್ನ ಸರದಿಯಲ್ಲದ ತಿಂಗಳಲ್ಲಿ ಯಾರೂ ಹಣ ಇಟ್ಟುಕೊಳ್ಳುವಂತಿಲ್ಲ. ಅದಕ್ಕೇ ಭಾವ ಜೇಬು ಹೊಲಿದುಕೊಂಡದ್ದು. ತಮ್ಮ ತಿಂಗಳು ಬಂದಾಗ ದಾರ ಬಿಚ್ಚುತ್ತಿದ್ದರು.

ಮಕ್ಕಳು ಕಾಯಿಲೆಗೆ ಎಂದೂ ಇಲ್ಲವೆಂದವರಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು, ಏಕೆಂದರೆ ಮುಂದೆ ಅದರ ಮೇಲೆಯೇ ಎಲ್ಲವೂ ನಿಂತಿದೆ. ಒಮ್ಮೆ ಅಕ್ಕನಿಗೆ ಜ್ವರ ಬಂದಾಗ ಚೂಟಿ ಅರ್ಜಿಗೂ ಕಾಯದೆ ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡು ಡಾಕ್ಟರ ಮನೆಗೆ ಓಡಿದವಳು.

ಆ ದಿನ ಹೊರಡುವಾಗ ಭಾವ ಬಾಗಿಲವರೆಗೆ ಬಂದರು. ಒಂದು ಕಾಲಿನಲ್ಲಿ ರಟ್ಟು ಕಿರಗುಟ್ಟುತ್ತಿತ್ತು. ನನಗೆ ತಡೆಯಲಾಗಲಿಲ್ಲ, ಕೆಲವು ನೋಟುಗಳನ್ನು ಮಡಿಚಿ ಅವರ ಕೈಗೆ ತುರುಕಲು ಹೋದೆ. ಭಾವ ಕೆಂಡ ಮುಟ್ಟಿದವರಂತೆ ಕೈ ಹಿಂದಕ್ಕೆಳೆದುಕೊಂಡರು.

"ಏನೋ ಇದು, ನಮ್ಮ ಸರ್ಕಾರ ಬೀಳಿಸೋಕೆ ಬಂದಿದ್ದೀಯಾ?"

"ಭಾವ, ಚಿಕ್ಕ ಹುಡುಗಿ ಅವಳು. ಅವಳ ಮಾತಿಗೆ ನೀವು ಒದ್ದೆ ಕಾಲಲ್ಲಿ ಓಡಾಡ್ತೀರಾ?"

"ಓಡಾಡಬೇಕಲ್ಲಪ್ಪ. ಇಲ್ಲದಿದ್ರೆ ಅವಳು ಇಲ್ಲ ಅಂದಿದ್ದಕ್ಕೆ ಏನು ಬೆಲೆ? ಅವಳು ದಿನಾ ಈ ರಟ್ಟಿನ ಸದ್ದು ಕೇಳಬೇಕು. ಇಲ್ಲ ಅನ್ನೋ ಮಾತು ಯಾರದೋ ಕಾಲಿಗೆ ತಾಗುತ್ತೆ ಅಂತ ಗೊತ್ತಾಗಬೇಕು."

ಈ ವ್ರತದ ಮೂಲ ಅವರ ಬಾಲ್ಯದಲ್ಲಿತ್ತು. ಅದನ್ನು ಅವರು ಒಮ್ಮೆ ಮಾತ್ರ, ಹಲ್ಲಿಗೆ ಮೇಣ ಮೆತ್ತುತ್ತಲೇ, ನನ್ನ ಕಡೆ ನೋಡದೆ ಹೇಳಿದರು. "ನಮ್ಮಪ್ಪ ದುಡ್ಡನ್ನ ಚಾಕು ಇಟ್ಟ ಹಾಗೆ ಮೇಲಿನ ಗೂಡಲ್ಲಿ ಇಟ್ಟಿದ್ರು. ಮಕ್ಕಳ ಕೈಗೆ ಸಿಗಬಾರದು ಅಂತ. ಅವರು ಹೋದ ಮೇಲೆ ಸಿಕ್ತು. ಸಿಕ್ಕ ಮೊದಲನೇ ವರ್ಷವೇ ಕೈ ಕೊಯ್ಕೊಂಡೆ. ಅಮ್ಮ ಕೂತಿದ್ದ ಮನೆ ಹೋಯ್ತು." ಅಷ್ಟೇ. ಮನೆ ಹೇಗೆ ಹೋಯಿತು, ಯಾರ ಮಾತು ನಂಬಿ ಹೋಯಿತು ಎಂದು ಅವರೂ ಹೇಳಲಿಲ್ಲ, ನಾನೂ ಕೆದಕಲಿಲ್ಲ. ಚಾಕುವನ್ನು ಬಚ್ಚಿಡುವುದಕ್ಕಿಂತ ಹಿಡಿಯುವುದನ್ನು ಕಲಿಸುವುದು ಮೇಲು ಎಂದು ಅಂದೇ ತೀರ್ಮಾನಿಸಿದ್ದಿರಬೇಕು.

ಹಿಡಿಯಲು ಕಲಿಯುವಾಗ ಬೆರಳು ಕೊಯ್ಯದೆ ಇರುತ್ತದೆಯೆ? ಗುಂಡನ ಸರದಿಯನ್ನು ಅದುವರೆಗೆ ಅಕ್ಕನೇ ನಡೆಸುತ್ತಿದ್ದಳು; ಅವನಿಗೆ ಒಂಬತ್ತು ತುಂಬಿ ಮೊದಲ ಸಲ ಡಬ್ಬಿ ಅವನ ಕೈಗೆ ಬಂದ ತಿಂಗಳು, ಆ ಮಹಾನುಭಾವ ಎರಡನೇ ದಿನವೇ ಹೋಗಿ ಗಾಳಿ ತುಂಬುವ ರಬ್ಬರು ದೋಣಿಯನ್ನು ಕೊಂಡುತಂದ. ಊರಿಗೆ ಹೊಳೆಯಿಲ್ಲ, ಕೆರೆಯಿಲ್ಲ. ಇದ್ದ ಒಂದು ಕಾರಂಜಿಯೂ ಕೆಟ್ಟು ವರ್ಷಗಳಾಗಿದ್ದವು. ನಾನು ಹೋದಾಗ ಹಳದಿ ಬಣ್ಣದ ಆ ದೋಣಿ ನಡುಮನೆಯ ಗೋಡೆಯಿಂದ ಗೋಡೆಗೆ ವ್ಯಾಪಿಸಿಕೊಂಡಿತ್ತು. ಊಟದ ಮೇಜನ್ನು ನಿಲ್ಲಿಸಿ ಗೋಡೆಗೆ ಒರಗಿಸಿದ್ದರು. ಬಿಲ್ಲು ಕಟ್ಟದ್ದರಿಂದ ಕರೆಂಟು ಹೋಗಿತ್ತು. ಸಂಜೆಯ ಮಬ್ಬಿನಲ್ಲಿ, ಮೇಣದಬತ್ತಿ ಹಚ್ಚಿಕೊಂಡು, ನಾಲ್ವರೂ ದೋಣಿಯೊಳಗೆ ಕೂತು ಉಪ್ಪು ಸವರಿದ ಬೇಯಿಸಿದ ಆಲೂಗಡ್ಡೆ ತಿನ್ನುತ್ತಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವೆಂಬ ಗಾದೆಯನ್ನು ಯಾರಾದರೂ ಹೀಗೆ ಸಂಸಾರ ಸಮೇತ ಅಭಿನಯಿಸಿ ತೋರಿಸಿಯಾರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

"ಬಾರೋ, ಹತ್ತು. ಜಾಗ ಇದೆ" ಎಂದಳು ಅಕ್ಕ.

ನಾನು ಹತ್ತಲಿಲ್ಲ. ಕೋಪ ನೆತ್ತಿಗೇರಿತ್ತು. "ನಿಮಗೆಲ್ಲ ತಲೆ ಕೆಟ್ಟಿದೆಯಾ? ಒಂದು ಮಾತು ಗದರಬಾರದಾ ಭಾವ, ಅಂಗಡಿಗೆ ಹೋಗಿ ವಾಪಸ್ ಕೊಡಬಾರದಾ?"

ಭಾವ ಆಲೂಗಡ್ಡೆಯ ಸಿಪ್ಪೆಯನ್ನು ನಿಧಾನವಾಗಿ ಸುಲಿದರು. "ಈಗ ಬಿದ್ರೆ ಮೊಣಕಾಲು ತರಚುತ್ತೆ. ಮೂವತ್ತರಲ್ಲಿ ಬಿದ್ರೆ ಸೊಂಟ ಮುರಿಯುತ್ತೆ. ಬೀಳ್ಲಿ ಬಿಡು."

ವಾಪಸು ಕೊಡಲು ಹೋದವನು ಗುಂಡನೇ, ತಿಂಗಳ ಕೊನೆಯಲ್ಲಿ, ಯಾರೂ ಹೇಳದೆ. ಅಂಗಡಿಯವನು ಅರ್ಧ ಬೆಲೆ ಕೊಟ್ಟ. ಹುಡುಗ ಮನೆಗೆ ಬಂದು ಡಬ್ಬಿಯ ಮುಂದೆ ಕೂತು ಬಿಕ್ಕಿಬಿಕ್ಕಿ ಅತ್ತ. ಭಾವ ಅವನ ತಲೆ ಸವರಿದರೇ ಹೊರತು, ಹೋಗಲಿ ಬಿಡು ಮಗು ಎನ್ನಲಿಲ್ಲ. "ಅಳು. ಅತ್ತು ಮುಗಿಸು. ಆಮೇಲೆ ಕರೆಂಟಿನವರ ಹತ್ತಿರ ಹೋಗೋಣ" ಎಂದರು. ಹೃದಯವೆಂಬುದು ಈ ಮನುಷ್ಯನಿಗೂ ಮೇಣದಲ್ಲೇ ಮಾಡಿದ್ದೋ, ಪ್ಲಾಸ್ಟರಿನದೋ ಎಂದು ನನಗೆ ಆ ದಿನ ನಿಜವಾಗಿಯೂ ಅನುಮಾನ ಬಂತು.

ಆದರೆ ಸತ್ಯವನ್ನು ಮುಚ್ಚಿಡಲಾಗದು. ಹುಡುಗರು ಕಲಿತರು. ನನ್ನ ಕಚೇರಿಯ ಗೆಳೆಯರ ಮಕ್ಕಳು ಅಂಗಡಿಯ ನೆಲದಲ್ಲಿ ಬಿದ್ದು ಹೊರಳಾಡಿ ಆಟಿಕೆ ಗಿಟ್ಟಿಸುತ್ತಿದ್ದ ವಯಸ್ಸಿನಲ್ಲಿ, ಇವರು ಸೋಪಿನ ಮೂರು ಅಂಗಡಿಗಳ ಬೆಲೆ ಬಾಯಲ್ಲಿ ಹೇಳುತ್ತಿದ್ದರು. ಚೂಟಿ ಹದಿನಾಲ್ಕಕ್ಕೆ ಬಂದಾಗ ಮನೆ ಮಾಲೀಕರ ಜೊತೆ ಕೂತು, ಬಾಡಿಗೆ ಏರಿಸುವ ಮುನ್ನ ಸೋರುವ ನಲ್ಲಿ ಸರಿಮಾಡಿಸಿ ಎಂದು ಮರ್ಯಾದೆಯಿಂದಲೇ ಪಟ್ಟುಹಿಡಿದು ಗೆದ್ದಳು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಇವಳು ಮೊದಲು ಹಾಸಿಗೆಯನ್ನೇ ಅಳೆಯುತ್ತಿದ್ದಳು, ಆಮೇಲೆ ಎಲ್ಲರ ಕಾಲನ್ನೂ.

ಅವಳಿಗೊಂದು ಆಸೆಯಿತ್ತು. ಶಾಲೆಯ ದಾರಿಯ ಅಂಗಡಿಯಲ್ಲಿ ಒಂದು ಕೆಂಪು ಸೈಕಲ್ಲು. ಅದಕ್ಕೆ ಅರ್ಜಿ ಹಾಕಲಿಲ್ಲ. ತನ್ನ ಸರದಿಯ ತಿಂಗಳುಗಳಲ್ಲಿ ಮಿಗಿಸಿ ಮಿಗಿಸಿ, ಆ ಅಂಗಡಿಯವನ ಹತ್ತಿರವೇ ಜಮಾ ಇಡುತ್ತಿದ್ದಳು. ಎಷ್ಟೋ ಸರದಿಗಳಾದ ಮೇಲೆ, ಈ ತಿಂಗಳು ಅಚ್ಚುಕಟ್ಟಾಗಿ ದಾಟಿದರೆ ಸೈಕಲ್ಲು ತನ್ನದು ಎಂಬ ತಿಂಗಳು ಬಂತು. ಮನೆಯೆಲ್ಲ ಉಸಿರು ಬಿಗಿಹಿಡಿದು ನಡೆಯುತ್ತಿತ್ತು. ಅಕ್ಕ ಹರಿದ ದಿಂಬಿನ ಬಗ್ಗೆ ಬಾಯಿ ತೆರೆಯಲಿಲ್ಲ, ಗುಂಡ ತನ್ನ ಹರಿದ ಚೀಲಕ್ಕೆ ತಾನೇ ಪಿನ್ನು ಚುಚ್ಚಿಕೊಂಡ. "ಏನಾದ್ರೂ ಬೇಕಾದ್ರೆ ಕೇಳ್ರಪ್ಪ, ನಾನೇನು ರಾಕ್ಷಸಿಯಾ?" ಎಂದು ಚೂಟಿ ನಗುತ್ತಿದ್ದಳು. ಯಾರೂ ಕೇಳಲಿಲ್ಲ.

ಆ ತಿಂಗಳ ಕೊನೆಯ ವಾರ ನಾನು ಕಾರ್ಯಾಗಾರದಲ್ಲಿ ಕೂತಿದ್ದಾಗ, ಒಬ್ಬ ಡಾಕ್ಟರ ಕಡೆಯಿಂದ ಒಂದು ಪೊಟ್ಟಣ ಬಂತು. ಭಾವ ಬಿಚ್ಚಿದರು. ಒಳಗೆ ಅವರೇ ಕಟ್ಟಿದ ಹಲ್ಲಿನ ಸೆಟ್ಟು. ಹೊತ್ತುತಂದವನು ಸಂಕೋಚದಿಂದ, "ಅಜ್ಜಿಗೆ ಬಾಯಿ ಮುಚ್ಚೋಕೇ ಆಗ್ತಿಲ್ಲವಂತೆ ಸಾರ್. ಎಡಗಡೆ ಮುಂದಕ್ಕೆ ಬಂದಿದೆಯಂತೆ" ಎಂದ. ನಾನು ತಿರುಗಿಸಿ ನೋಡಿದೆ. ಹಲ್ಲಿನ ಓಂ ನಾಮ ತಿಳಿಯದ ನನಗೂ ಕಾಣುವಂತೆ ಎಡಗಡೆಯ ಸಾಲು ಬೇಲಿ ಬಿದ್ದ ಹಾಗೆ ಹೊರಕ್ಕೆ ವಾಲಿತ್ತು. ವಾಪಸು ಬಂದ ಚರಿತ್ರೆಯಿಲ್ಲದ ಮನುಷ್ಯನ ಹಲ್ಲು ವಾಪಸು ಬಂದಿತ್ತು. ಭಾವ ಅದನ್ನು ಮೂಗಿನ ಹತ್ತಿರ ಹಿಡಿದು, ಕತ್ತನ್ನು ಹಕ್ಕಿಯ ಹಾಗೆ ಓರೆ ಮಾಡಿ ಬಹಳ ಹೊತ್ತು ನೋಡಿದರು. "ಮೇಣ ಸರಿಯಿಲ್ಲ ಈ ಸಲ" ಎಂದರು. ಎದ್ದು ಒಳಗೆ ಹೋಗುವಾಗ ಎಡಭುಜ ಬಾಗಿಲ ಚೌಕಟ್ಟಿಗೆ ಬಡಿಯಿತು. ಕೈ ಹಿಂದೆ ಕಟ್ಟಿಕೊಂಡು ನುಗ್ಗುವ ನಡಿಗೆಯವರಿಗೆ ಇದೆಲ್ಲ ಸಹಜವೆಂದುಕೊಂಡೆ.

ತಿಂಗಳ ಕೊನೆಯ ದಿನ ಭಾನುವಾರ. ಚೂಟಿ ಸೈಕಲ್ಲನ್ನು ಬೀದಿಯಲ್ಲಿ ನಿಲ್ಲಿಸದೆ, ಎರಡು ಮೆಟ್ಟಿಲು ಎತ್ತಿಸಿಕೊಂಡು, ಗಂಟೆ ಬಾರಿಸುತ್ತ ನೇರವಾಗಿ ನಡುಮನೆಗೇ ತಂದಳು. ನಾವೆಲ್ಲ ಸುತ್ತುಗಟ್ಟಿದೆವು. ಗುಂಡ ಪೆಡಲು ತಿರುಗಿಸಿದ, ಅಕ್ಕ ಸೀಟನ್ನು ಸೆರಗಿನಿಂದ ಒರೆಸಿದಳು. ಭಾವ ಯಜಮಾನರ ಕುರ್ಚಿಯ ಪಕ್ಕ ನಿಂತು ಹಲ್ಲು ಕಾಣುವಂತೆ ನಗುತ್ತಿದ್ದರು, ಅವರು ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಅಪರೂಪ.

"ಅಪ್ಪ, ಮೊದಲ ರೌಂಡು ನಿಂದೇ. ಹಿಡಿ!" ಎಂದು ಚೂಟಿ ಸೈಕಲ್ಲಿನ ಬೀಗದ ಕೈಯನ್ನು ಅವರ ಎಡಗಡೆಯಿಂದ ಎಸೆದಳು.

ಅದು ಹೋಗಿ ಅವರ ಕೆನ್ನೆಗೆ, ಕಣ್ಣಿನ ಪಕ್ಕಕ್ಕೇ, ಬಡಿದು ಕೆಳಗೆ ಬಿತ್ತು. ಭಾವ ಕೈ ಎತ್ತಲಿಲ್ಲ. ತಲೆ ತಪ್ಪಿಸಲಿಲ್ಲ. ರೆಪ್ಪೆ ಕೂಡ ಮಿಟುಕಲಿಲ್ಲ. ಬಡಿದಾದ ಮೇಲೆ, ಏನು ಬಡಿಯಿತೆಂದು ಕೆನ್ನೆ ಮುಟ್ಟಿ ನೋಡಿಕೊಂಡರು. ಅವರ ನಗು ಇನ್ನೂ ಮುಖದ ಮೇಲೆಯೇ ಇತ್ತು.

ಚೂಟಿ ಸೈಕಲ್ಲನ್ನು ಬಿಟ್ಟಳು, ಅದು ಧಡಾರನೆ ಉರುಳಿತು. ಅವಳು ಅಪ್ಪನ ಹತ್ತಿರ ಹೋಗಿ ಎಡಗಣ್ಣಿನ ಮುಂದೆ ಕೈ ಆಡಿಸಿದಳು. ಇನ್ನೊಮ್ಮೆ ಆಡಿಸಿದಳು. ಆಮೇಲೆ ತನ್ನ ಅಂಗೈಯಿಂದ ಅವರ ಬಲಗಣ್ಣನ್ನು ಮುಚ್ಚಿ ಕೇಳಿದಳು, "ಅಪ್ಪ, ನಾನು ಕಾಣಿಸ್ತಿದ್ದೀನಾ?"

ಭಾವ ಇಲ್ಲವೆಂದು ತಲೆಯಾಡಿಸಿದರು. ಸುಳ್ಳು ಹೇಳುವ ಅಭ್ಯಾಸ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ತಿಂಗಳ ನಡುವೆ ಒಂದು ಬೆಳಗ್ಗೆ ಆ ಕಣ್ಣಿನ ಮೂಲೆಯಲ್ಲಿ ಮಿಂಚು ಮಿಂಚು ಕಂಡಿತಂತೆ. ಮರುದಿನ ಮಸಿ ಉದುರಿದ ಹಾಗೆ ಕಪ್ಪು ಚುಕ್ಕೆಗಳು. ಆಮೇಲೆ ಪಕ್ಕದಿಂದ ಒಂದು ಕಪ್ಪು ಪರದೆ ದಿನದಿನವೂ ಸ್ವಲ್ಪಸ್ವಲ್ಪವೇ ಸರಿದುಬಂದು ನಡುಗಣ್ಣನ್ನೂ ಮುಚ್ಚಿತಂತೆ. ಭಾವ ಅದನ್ನು ಕಟ್ಟಿಕೊಂಡೇ ಹಲ್ಲು ನಿಲ್ಲಿಸಿದ್ದರು, ಅದನ್ನು ಕಟ್ಟಿಕೊಂಡೇ ನಮ್ಮೊಡನೆ ನಕ್ಕಿದ್ದರು. ಇಷ್ಟನ್ನೂ ಅವರು ಹೇಳಿದ್ದು ಕಣ್ಣಿನ ಆಸ್ಪತ್ರೆಯ ಬೆಂಚಿನ ಮೇಲೆ, ಅಕ್ಕ ಎರಡು ಸಲ ಗದರಿದ ಮೇಲೆ.

ಪರೀಕ್ಷೆ ಮಾಡಿದ ಡಾಕ್ಟರು ವಯಸ್ಸಿನಲ್ಲಿ ನನಗಿಂತ ಚಿಕ್ಕವರು. "ಕಣ್ಣಿನ ಹಿಂದಿನ ಪದರ ಕಳಚಿಕೊಂಡಿದೆ. ಮಿಂಚು ಕಂಡ ದಿನವೇ ಬಂದಿದ್ರೆ ಬಹುಶಃ ಉಳಿಸಬಹುದಿತ್ತು. ಈಗಲೂ ಆಪರೇಷನ್ ಮಾಡ್ತೀವಿ, ಆದ್ರೆ ಹೆಚ್ಚು ಆಸೆ ಇಟ್ಕೋಬೇಡಿ. ಇಷ್ಟು ದಿನ ಯಾಕೆ ಸುಮ್ಮನಿದ್ರಿ?" ಎಂದರು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ. ನನಗೆ ಆ ಓರೆ ಕತ್ತು, ಚೌಕಟ್ಟಿಗೆ ಬಡಿದ ಭುಜ, ವಾಲಿದ ಹಲ್ಲುಸಾಲು ಎಲ್ಲವೂ ಆಗ ಒಂದರ ಹಿಂದೆ ಒಂದು ಅರ್ಥವಾದವು. ಒಂದು ಕಣ್ಣಿನವರಿಗೆ ಯಾವುದು ಮುಂದೆ ಯಾವುದು ಹಿಂದೆ ತಿಳಿಯುವುದು ಕಷ್ಟವಂತೆ.

ಹೊರಗಿನ ಹಾದಿಯಲ್ಲಿ ಚೂಟಿ ಅಪ್ಪನೆದುರು ನಿಂತಳು.

"ಕೇಳಿದ್ರೆ ನಾನು ಕೊಡಲ್ಲ ಅಂದ್ಕೊಂಡ್ಯಾ?"

"ಇಲ್ಲಮ್ಮ. ಕೇಳಿದ್ರೆ ಆ ಕ್ಷಣವೇ ಕೊಡ್ತೀಯ ಅಂತ ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ. ನಾಳೆ ಒಂದನೇ ತಾರೀಖು, ನನ್ನ ತಿಂಗಳೇ ಬರುತ್ತಲ್ಲ ಅಂದ್ಕೊಂಡೆ."

ಇದನ್ನು ಕೇಳಿ ಮಗಳು ಅಳುತ್ತಾಳೆ, ಅಪ್ಪನನ್ನು ತಬ್ಬಿಕೊಳ್ಳುತ್ತಾಳೆ ಎಂದು ನಾನು ಕಾದೆ. ಅವಳು ತಬ್ಬಿಕೊಳ್ಳಲಿಲ್ಲ. ಹಲ್ಲು ಕಚ್ಚಿಕೊಂಡು, ಒಂದೊಂದೇ ಮಾತು ಎಣಿಸಿ ಹೇಳಿದಳು.

"ಹಾಗಾದ್ರೆ ನಾನು ಯಜಮಾನಿ ಆಗಿದ್ದೆಲ್ಲ ಸುಳ್ಳು. ಶೂ ಬೇಕೋ ಬೇಡವೋ ಅಂತ ನಾನು ಹೇಳಬಹುದು. ಕಣ್ಣು ಬೇಕೋ ಸೈಕಲ್ ಬೇಕೋ ಅನ್ನೋದನ್ನ ಮಾತ್ರ ನೀನೇ ನಿರ್ಧಾರ ಮಾಡಿದೆ. ನನ್ನ ಹತ್ತಿರ ಒಂದು ಮಾತೂ ಹೇಳದೆ. ನನ್ನ ತಿಂಗಳನ್ನ ಕದ್ದೆ ಅಪ್ಪ ನೀನು."

ಭಾವನ ಮುಖದಲ್ಲಿ ನಾನು ಆ ದಿನ ಕಂಡದ್ದನ್ನು ಬರೆಯಲು ಪದ ಸಾಲದು. ಮನೆ ಕಳೆದುಕೊಂಡವರು, ಕಣ್ಣು ಕಳೆದುಕೊಂಡವರು, ಅದಾವುದಕ್ಕೂ ಅಲುಗಾಡದವರು, ಆ ಒಂದು ಮಾತಿಗೆ ತತ್ತರಿಸಿಹೋದರು. ಕೈ ತಾನಾಗಿ ಜೇಬಿನ ಕಡೆ ಹೋಯಿತು, ಜೇಬು ಹೊಲಿದಿತ್ತು.

ಮನೆಗೆ ಬಂದ ಮೇಲೆ ಇನ್ನೊಂದು ಆಘಾತ ಕಾದಿತ್ತು. ಇಷ್ಟು ವರ್ಷ ದೋಣಿಯಲ್ಲಿ ಕೂತು ಆಲೂಗಡ್ಡೆ ತಿಂದ ಅಕ್ಕ, ಎಂದೂ ದನಿ ಏರಿಸದ ಅಕ್ಕ, ಡಬ್ಬಿಯನ್ನು ಎತ್ತಿ ನೆಲಕ್ಕೆ ಅಪ್ಪಳಿಸಿದಳು. "ಸುಡುಗಾಡು ಡಬ್ಬಿ!" ನೋಟುಗಳು ಮೇಜಿನ ಕೆಳಗೆ, ಬಿದ್ದ ಸೈಕಲ್ಲಿನ ಗಾಲಿಯ ಕೆಳಗೆ ಚದುರಿದವು. ಯಾರೂ ಆಯ್ದುಕೊಳ್ಳಲಿಲ್ಲ. ಗುಂಡ ಮೂಲೆಯಲ್ಲಿ ನಿಂತು, ಯಾರಿಗೆ ಹೇಳುತ್ತಿದ್ದಾನೆಂದು ತಿಳಿಯದಂತೆ, "ನನ್ನ ದೋಣಿ ದುಡ್ಡು ಇದ್ದಿದ್ರೆ..." ಎಂದ. ಅವನ ದೋಣಿಗೂ ಈ ಕಣ್ಣಿಗೂ ನಡುವೆ ಎಷ್ಟು ಕಾಲ ಕಳೆದಿತ್ತು! ಮರೆಯಬಾರದ್ದನ್ನು ಭಾವ ಎಷ್ಟು ಗಟ್ಟಿಯಾಗಿ ಕಲಿಸಿದ್ದರೆಂದು ತಿಳಿದು ನನಗೆ ಅಳು ಬಂತು.

ಆಪರೇಷನ್ ಆಯಿತು. ಬೆಳಕು ಯಾವುದು, ಕತ್ತಲೆ ಯಾವುದು ಎಂದಷ್ಟೇ ಆ ಕಣ್ಣಿಗೆ ಉಳಿಯಿತು. ಸೈಕಲ್ಲನ್ನು ಮಾರಿಬಿಡುತ್ತೇನೆಂದು ಚೂಟಿ ಹಟ ಹಿಡಿದಾಗ ಭಾವ ಕಾಲಿಗೆ ಬಿದ್ದಷ್ಟು ಬೇಡಿಕೊಂಡು ತಡೆದರು. ಅದು ಗೋಡೆಗೆ ಒರಗಿ, ಮುಟ್ಟುವವರಿಲ್ಲದೆ ನಿಂತಿತು. ಭಾವನ ತಿಂಗಳು, ಅಕ್ಕನ ತಿಂಗಳು, ಗುಂಡನ ತಿಂಗಳು ಹೇಗೋ ಕಳೆದವು. ಅರ್ಜಿ ಹಾಕುವ ಉತ್ಸಾಹ ಯಾರಿಗೂ ಇರಲಿಲ್ಲ. ಅಪ್ಪ ಮಗಳ ನಡುವೆ ಬೇಕಾದಷ್ಟೇ ಮಾತು. ಭಾವ ಮೇಣದ ಮೇಲೆ ಹೆಬ್ಬೆರಳನ್ನು ಆಡಿಸಿ ಆಡಿಸಿ, ಕಣ್ಣು ಬಿಟ್ಟುಕೊಟ್ಟ ಕೆಲಸವನ್ನು ಬೆರಳಿಗೆ ಕಲಿಸುತ್ತಿದ್ದರು; ಒಂದು ಸೆಟ್ಟಿಗೆ ಮೊದಲಿನ ಮೂರರಷ್ಟು ಹೊತ್ತು ಹಿಡಿಯುತ್ತಿತ್ತು.

ಚೂಟಿಯ ಸರದಿ ಮತ್ತೆ ಬಂದ ಒಂದನೇ ತಾರೀಖು ನಾನು ಬೇಕೆಂದೇ ಹೋಗಿದ್ದೆ. ಅವಳು ಡಬ್ಬಿ ಮುಟ್ಟುತ್ತಾಳೋ ಇಲ್ಲವೋ ಎಂಬುದೇ ಎಲ್ಲರ ಹೆದರಿಕೆ. ಭಾವ ಕಂದು ಕೋಟು ಹಾಕಿಕೊಂಡು, ಹೊಲಿದ ಜೇಬುಗಳ ಸಮೇತ, ಡಬ್ಬಿಯನ್ನು ಅವಳ ಮುಂದಿಟ್ಟು ಹಿಂದೆ ಸರಿದು ನಿಂತರು.

ಚೂಟಿ ಎದ್ದು ಅಕ್ಕನ ಹೊಲಿಗೆಯ ಕತ್ತರಿ ತಂದಳು. ಅಪ್ಪನ ಕೋಟಿನ ಮೇಲಿನ ಜೇಬಿನ ಹೊಲಿಗೆಯನ್ನು ಕಟಕಟನೆ ಕತ್ತರಿಸಿದಳು. ಎರಡನೆಯದು, ಮೂರನೆಯದು, ನಾಲ್ಕನೆಯದು. ಭಾವ ಕೈ ಮೇಲೆತ್ತಿಕೊಂಡು, ದರ್ಜಿಯ ಮುಂದೆ ನಿಂತ ಹುಡುಗನ ಹಾಗೆ ಅಲುಗಾಡದೆ ನಿಂತಿದ್ದರು. ಅವಳು ಡಬ್ಬಿಯಿಂದ ನೋಟುಗಳನ್ನು ತೆಗೆದು, ಮಡಿಚಿ, ನಾಲ್ಕು ಜೇಬಿಗೂ ಸ್ವಲ್ಪಸ್ವಲ್ಪ ಹಾಕಿದಳು. ಎಡಗಡೆಯ ಜೇಬಿಗೆ ಕೊಂಚ ಹೆಚ್ಚು ಹಾಕಿದಳೆಂದು ನನಗೆ ಅನಿಸಿತು.

"ಯಜಮಾನರೇ," ಎಂದರು ಭಾವ, "ನಾನು ಅರ್ಜಿ ಹಾಕಿಲ್ಲವಲ್ಲ. ಕಾರಣ?"

"ಕಾರಣ ಇಲ್ಲ" ಎಂದಳು ಚೂಟಿ. "ಕಾರಣ ಇಲ್ಲದ ದುಡ್ಡು ಇದು. ನೀನು ಕೇಳೋದನ್ನ ಕಲಿಯೋವರೆಗೆ."

ಆಮೇಲೆ ಅವಳು ಅತ್ತಳು. ಭಾವ ತಮ್ಮ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಒಂದು ಕ್ಷಣ ಹಾಗೇ ನಿಂತು, ಕೊನೆಗೆ ಅವಳ ತಲೆಯ ಮೇಲಿಟ್ಟರು. ಅಂದಿನಿಂದ ಕಟ್ಟಿದ ಹಲ್ಲುಗಳನ್ನು ಡಾಕ್ಟರುಗಳಿಗೆ ಮುಟ್ಟಿಸುವುದು ಆ ಕೆಂಪು ಸೈಕಲ್ಲೇ.

ಇಂಥವರನ್ನು ನಾನು ಆಮೇಲೆ ಇನ್ನೂ ಕೆಲವರನ್ನು ನೋಡಿದೆ. ಮಕ್ಕಳನ್ನು ಮಕ್ಕಳೆಂದು ಕಡೆಗಣಿಸದೆ, ಸಂಸಾರದ ಗಳಿಕೆಯನ್ನೆಲ್ಲ ಅವರ ಮುಂದೆ ಸುರಿದು, ತಪ್ಪುವುದಕ್ಕೂ ಸ್ವಾತಂತ್ರ್ಯ ಕೊಟ್ಟು, ಅವರ ತಪ್ಪಿನ ಆಲೂಗಡ್ಡೆಯನ್ನು ತುಟಿಪಿಟಕ್ಕೆನ್ನದೆ ತಿನ್ನುವವರು. ತಾವು ಪಟ್ಟ ಪಾಡು ಮಕ್ಕಳು ಪಡಬಾರದೆಂದು ಏನೆಲ್ಲ ಕಲಿಸುವವರು. ಅವರ ಬಗ್ಗೆ ನನಗಿರುವ ಗೌರವಕ್ಕಿಂತ ಅವರ ಬಗೆಗಿನ ಭಯವೇ ಹೆಚ್ಚು. ಏಕೆಂದರೆ ಮನೆಯ ಪ್ರತಿಯೊಂದು ಖರ್ಚನ್ನೂ ಬೆಳಕಿಗೆ ಹಿಡಿಯುವ ಇವರು ತಮ್ಮ ನೋವೊಂದನ್ನು ಮಾತ್ರ ಖರ್ಚಿಗೆ ಸೇರಿಸುವುದಿಲ್ಲ, ಮತ್ತು ಅದನ್ನು ತ್ಯಾಗವೆಂದು ತಿಳಿಯುತ್ತಾರೆ. ಮಕ್ಕಳಿಗೆ ಕೊಡಲು ಬರಬೇಕಾದರೆ ದೊಡ್ಡವರಿಗೆ ಕೇಳಲು ಬರಬೇಕು. ನಮ್ಮ ಭಾವ ಒಂದು ಕಣ್ಣು ತೆತ್ತು ಕಲಿತ ಈ ಪಾಠವನ್ನು ಅವರಿಗೆ ಹೇಳಿಕೊಟ್ಟವಳು, ಹಿಂದೊಮ್ಮೆ ಕಾಲು ನೆಲಕ್ಕೆ ಎಟುಕದೆ ಅವರ ಶೂವಿನ ತೂತಿಗೆ ಬೆರಳಿಟ್ಟು ನೋಡಿದ ಹುಡುಗಿ.